ಎರೆಮಣ್ಣಿನ ದಾರಿಗೆ ಹಳೆಯ ಯೇತಿ: ಇಟ್ಕೊಳ್ಳೋದಾ, ಮಾರೋದಾ?

2010ರ ಕೊನೆಗೆ ಭಾರತದ ಮಾರುಕಟ್ಟೆಗೆ ಬಂದ ಸ್ಕೋಡಾ ಯೇತಿಗಳಿಗೆ ಈಗ ಒಂದೊಂದಾಗಿ 15 ವರ್ಷ ತುಂಬುತ್ತಿದೆ. ನಮ್ಮ ಮನೆಯಲ್ಲಿರೋದು 2011ರ ಫೋರ್ ಬೈ ಫೋರ್. ‘ಅದನ್ನ ಕೊಟ್ಟು ಹೊಸಾದು ತಗೋಳಲೇ’ ಅಂತ ಗೆಳೆಯರು ಹೇಳ್ತಾನೇ ಇರ್ತಾರೆ. ನಾನು ಕೊಡ್ತಾ ಇಲ್ಲ. ಯಾಕೆ ಅಂತ ಹೇಳ್ತೀನಿ.

ಅಪ್ಪ, ಅವ್ವ ಇರೋದು ಮೂಡಲಗಿ ಹತ್ತಿರದ ತೋಟದ ಮನೆಯಲ್ಲಿ. ಡಾಂಬರು ರಸ್ತೆಯಿಂದ ಅಲ್ಲಿಗೆ ಎರಡು ಕಿಲೋಮೀಟರ್ ಎರೆಮಣ್ಣಿನ ದಾರಿ. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಗಾಲಿಜಾಡು ಆಳವಾಗಿದೆ. ಅವ್ವನಿಗೆ ಅಸ್ತಮಾ. ಮಳೆಗಾಲದ ರಾತ್ರಿ ಉಸಿರು ಹಿಡಿದರೆ ಗೋಕಾಕದ ಆಸ್ಪತ್ರೆ ಮುಟ್ಟಲೇಬೇಕು. ಅಕ್ಕನನ್ನು ಕೊಟ್ಟಿರೋದು ಹುಕ್ಕೇರಿಗೆ, ಅವಳ ಮನೆಯ ದಾರಿಯೂ ಇಂಥದ್ದೇ. ನಾನು ಬರೋದು ಬೆಂಗಳೂರಿಂದ, 500 ಕಿ.ಮೀ.ಗೂ ಹೆಚ್ಚು ಹೈವೇ.

ಯುರೋಪಿನ ಹಳ್ಳಿಗಳಲ್ಲಿ ಇಂಥ ಕೆಲಸಕ್ಕೆ ಆಕ್ಟೇವಿಯಾ ಸ್ಕೌಟ್, ವೋಲ್ವೋ ಎಕ್ಸ್‌ಸಿ70 ಥರದ ವ್ಯಾಗನ್‌ಗಳಿವೆ. ನಮ್ಮಲ್ಲಿ ವ್ಯಾಗನ್ ಓಡಲೇ ಇಲ್ಲ. ಔರಂಗಾಬಾದಿನಲ್ಲಿ ಜೋಡಿಸುತ್ತಿದ್ದ ಯೇತಿ ಅದಕ್ಕೆ ಹತ್ತಿರದ್ದು. 2 ಲೀಟರ್ ಡೀಸೆಲ್ ಎಂಜಿನ್, 140 ಅಶ್ವಶಕ್ತಿ. ಹಿಂದಿನ ಮೂರೂ ಸೀಟು ಬಿಚ್ಚಿಟ್ಟರೆ 1,760 ಲೀಟರ್ ಜಾಗ. ಗೊಬ್ಬರದ ಚೀಲ, ಡ್ರಿಪ್ ಪೈಪ್ ಎಲ್ಲ ಹಿಡಿಸುತ್ತೆ.

ನಾಲ್ಕು ಗಾಲಿಯ ಗುಟ್ಟು

ಒಣ ರಸ್ತೆಯಲ್ಲಿ ಬಲ ಹೆಚ್ಚಾಗಿ ಮುಂದಿನ ಗಾಲಿಗೇ ಹೋಗುತ್ತೆ. ಅವು ಜಾರತೊಡಗಿದರೆ ಹಿಂಭಾಗದ ಹಾಲ್ಡೆಕ್ಸ್ ಕಪ್ಲಿಂಗ್ ಕೆಲಸಕ್ಕಿಳಿಯುತ್ತೆ. ಒಂದು ಪುಟ್ಟ ಎಲೆಕ್ಟ್ರಿಕ್ ಪಂಪ್ ಎಣ್ಣೆಯ ಒತ್ತಡ ಕೊಡುತ್ತೆ, ಕ್ಲಚ್ ಪ್ಲೇಟುಗಳು ಬಿಗಿಯಾಗುತ್ತವೆ, ಹಿಂದಿನ ಗಾಲಿಗೂ ಬಲ ಸಿಗುತ್ತೆ. ಆದರೆ ಪ್ಲೇಟು ಸವೆದ ಪುಡಿ ಅದೇ ಎಣ್ಣೆಗೆ ಸೇರುತ್ತೆ. ಫಿಲ್ಟರ್ ಕಟ್ಟಿಕೊಂಡು ಪಂಪ್ ಸೋತರೆ ಅದು ಬರೀ ಫ್ರಂಟ್ ವೀಲ್ ಡ್ರೈವ್ ಕಾರು. ಹೈವೇಯಲ್ಲಿ ಇದು ಗೊತ್ತೇ ಆಗಲ್ಲ. ಗೊತ್ತಾಗೋದು ಕೆಸರಲ್ಲಿ ಸಿಕ್ಕಿಬಿದ್ದಾಗ.

ಹಾಗಾಗಿ ನನ್ನ ಲೆಕ್ಕ ಇಷ್ಟು:

ಹಾಲ್ಡೆಕ್ಸ್ ಎಣ್ಣೆ: ಒಂದು ಲೀಟರಿಗೂ ಕಡಿಮೆ ಬೇಕು. 60,000 ಕಿ.ಮೀ. ದಾಟಿಸಬಾರದು. ನಾನು 30,000ಕ್ಕೇ ಬದಲಿಸ್ತೀನಿ, ಫಿಲ್ಟರ್ ಸಮೇತ. ಇದು ಗೇರ್ ಆಯಿಲ್ ಅಲ್ಲ, ಮೆಕ್ಯಾನಿಕ್‌ಗೆ ಬಿಡಿಸಿ ಹೇಳಿ.

ಟೈರು: ನಾಲ್ಕೂ ಒಂದೇ ಕಂಪನಿ, ಒಂದೇ ಸೈಜು, ಹೆಚ್ಚುಕಡಿಮೆ ಒಂದೇ ಸವೆತ. ಸುತ್ತಳತೆ ಬೇರೆಯಾದರೆ ಕಪ್ಲಿಂಗ್‌ಗೆ ಸುಮ್ಮನೆ ದುಡಿತ.

ಟೈಮಿಂಗ್ ಬೆಲ್ಟ್: ವಾಟರ್ ಪಂಪ್ ಜೊತೆಗೇ ಹಾಕಿಸಿ. ಹರಿದರೆ ವಾಲ್ವು, ಪಿಸ್ಟನ್ ಬಡಿದುಕೊಂಡು ಎಂಜಿನ್ನೇ ಹೋಗುತ್ತೆ.

ಗಾಡಿಯ ಹೊಟ್ಟೆ: ಕಬ್ಬಿನ ಹಂಗಾಮಿನಲ್ಲಿ ಒಣ ರವದಿ ಸೈಲೆನ್ಸರ್ ಪಕ್ಕ ಸಿಕ್ಕಿಕೊಳ್ಳುತ್ತೆ. ಕಾದರೆ ಬೆಂಕಿಯ ಭಯ, ತೆಗೆದುಬಿಡಿ. ಆಕ್ಸಲ್‌ನ ರಬ್ಬರ್ ಬೂಟ್ ಹರಿದಿದೆಯಾ ನೋಡಿ.

ಲ್ಯಾಪ್‌ಟಾಪ್: ವಿಸಿಡಿಎಸ್ ಕೇಬಲ್ ಹಾಕಿದರೆ ಫೋರ್ ವೀಲ್ ಡ್ರೈವ್ ಕಂಟ್ರೋಲರಿನ ದೋಷಗಳು ಸ್ಕ್ರೀನ್ ಮೇಲೆ ಬರುತ್ತವೆ. ಲಾಗ್ ಓದೋದು ನಮ್ಮಂಥವರಿಗೆ ದಿನಾ ಇದ್ದದ್ದೇ.

ಆಗದ ಕೆಲಸವೂ ಇದೆ

ನೆನೆದ ಎರೆಮಣ್ಣು ಟೈರಿನ ಗೆರೆಗಳಲ್ಲೆಲ್ಲ ಮೆತ್ತಿಕೊಂಡರೆ ನಾಲ್ಕೂ ಗಾಲಿ ಒಟ್ಟಿಗೇ ಜಾರುತ್ತವೆ. ತುರ್ತಿಲ್ಲದಿದ್ದರೆ ಒಂದು ದಿನ ಒಣಗಲು ಬಿಡೋದೇ ಜಾಣತನ. ಘಟಪ್ರಭೆಯ ನೀರಿಗಂತೂ ಇಳಿಸಲೇಬೇಡಿ. 2019ರ ಆಗಸ್ಟ್‌ನ ಪ್ರವಾಹದಲ್ಲಿ ಲೋಳಸೂರ ಸೇತುವೆಯೇ ಮುಳುಗಿತ್ತು. ಗಾಳಿಯ ದಾರಿಯಲ್ಲಿ ನೀರು ಹೊಕ್ಕರೆ ಯಾವ ಫೋರ್ ಬೈ ಫೋರೂ ಉಳಿಯಲ್ಲ.

ಇನ್ನು ಕಾಗದಪತ್ರ. 15 ವರ್ಷ ತುಂಬಿದ ಖಾಸಗಿ ಕಾರಿನ ಆರ್‌ಸಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಪಾಸಾದರೆ ಮತ್ತೆ ಐದು ವರ್ಷ. ಫಿಟ್‌ನೆಸ್‌ಗೆ ಹೋಗೋ ಮೊದಲು ಬ್ರೇಕು, ಲೈಟು, ಹೊಗೆ ಸರಿಮಾಡಿಸಿ. ಶುಲ್ಕ, ತೆರಿಗೆ ಈಗೆಷ್ಟು ಅಂತ ಆರ್‌ಟಿಒದಲ್ಲೇ ಕೇಳಿ.

ಸೆಕೆಂಡ್ ಹ್ಯಾಂಡ್ ಯೇತಿ ನೋಡ್ತಿದ್ದೀರಾ? ಪಾಲಿಶ್ ನೋಡಿ ಮರುಳಾಗಬೇಡಿ. ಸಡಿಲ ಮಣ್ಣಿನ ಏರಿನಲ್ಲಿ ನಿಲ್ಲಿಸಿ, ನಿಧಾನಕ್ಕೆ ಹೊರಡಿಸಿ. ಜೊತೆಗೆ ಬಂದವರು ಹೊರಗೆ ನಿಂತು ನೋಡಲಿ. ಮುಂದಿನ ಗಾಲಿ ಮಣ್ಣು ಹಾರಿಸ್ತಾ ಹಿಂದಿನವು ಸುಮ್ಮನಿದ್ದರೆ, ಮಾಲೀಕರಿಗೆ ಕೈಮುಗಿದು ಮನೆಗೆ ಬನ್ನಿ.