ಕಡಲಪಾಚಿ ಗೊಬ್ಬರ: ಗುಣ, ಮಿತಿ ಮತ್ತು ವ್ಯಾಪಾರಿಯ ಹೊಣೆ

ಕೈತೋಟ ಹಾಗೂ ತಾರಸಿ ತೋಟಗಳ ಹವ್ಯಾಸ ಬೆಳೆದಂತೆಲ್ಲ ಕಡಲಪಾಚಿಯ ದ್ರಾವಣ ಮತ್ತು ಪುಡಿಗಳು ಗೊಬ್ಬರದ ಅಂಗಡಿಗಳಲ್ಲಿ ಸ್ಥಾನ ಪಡೆದಿವೆ. ಈ ಸರಕನ್ನು ತಯಾರಿಸುವ ಹಾಗೂ ಮಾರುವ ಉದ್ಯಮಿಗಳು ಅದರ ಗುಣ ಮತ್ತು ಮಿತಿಗಳೆರಡನ್ನೂ ಅರಿತಿರುವುದು ಅವಶ್ಯಕ.

ಕೆಲ್ಪ್ ಎಂಬುದು ತಣ್ಣನೆಯ ಸಮುದ್ರಗಳಲ್ಲಿ ಬೆಳೆಯುವ ದೊಡ್ಡ ಕಂದುಪಾಚಿ. ಐರ್ಲೆಂಡಿನ ಅರಾನ್ ದ್ವೀಪಗಳ ಜನರು ಬರಿಬಂಡೆಯ ಮೇಲೆ ಮರಳು ಮತ್ತು ಕಡಲಪಾಚಿಯನ್ನು ಹರಡಿ, ಆಲೂಗಡ್ಡೆ ಬೆಳೆಯಲು ಮಣ್ಣನ್ನೇ ನಿರ್ಮಿಸಿಕೊಂಡಿದ್ದರು. ಭಾರತದಲ್ಲಿ ತಮಿಳುನಾಡಿನ ರಾಮನಾಥಪುರಂ ಕರಾವಳಿಯಲ್ಲಿ ಬೆಳೆಸಲಾಗುವ ಕಪ್ಪಾಫೈಕಸ್ ಕೆಂಪುಪಾಚಿಯ ಜಾತಿಗೆ ಸೇರಿದ್ದು, ಕೆಲ್ಪ್ ಅಲ್ಲ. ಅದರಿಂದ ದ್ರವಗೊಬ್ಬರ ತಯಾರಿಸುವ ತಂತ್ರಜ್ಞಾನವನ್ನು ಭಾವನಗರದ ಕೇಂದ್ರೀಯ ಲವಣ ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ರೂಪಿಸಿದೆ. ಆದಕಾರಣ ಯಾವ ಪಾಚಿಯಿಂದ ತಯಾರಾದದ್ದೆಂಬುದನ್ನು ಲೇಬಲ್ಲಿನಲ್ಲಿ ಸ್ಪಷ್ಟಪಡಿಸುವುದೇ ಪ್ರಾಮಾಣಿಕ ವ್ಯವಹಾರ.

ಕಡಲಪಾಚಿಯಲ್ಲಿ ಪೊಟ್ಯಾಷ್, ಸೂಕ್ಷ್ಮ ಪೋಷಕಾಂಶಗಳು ಮತ್ತು ಬೇರು-ಚಿಗುರುಗಳನ್ನು ಪ್ರಚೋದಿಸುವ ಸಸ್ಯಹಾರ್ಮೋನುಗಳಿವೆ. ಸಾರಜನಕ ಮತ್ತು ರಂಜಕಗಳ ಪ್ರಮಾಣ ಮಾತ್ರ ಕಡಿಮೆ. ಹೀಗಾಗಿ ಅದು ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ. ದ್ರಾವಣವನ್ನು ಸೂಚಿತ ಪ್ರಮಾಣದಲ್ಲಿ ನೀರಿಗೆ ಬೆರೆಸಿ, ಬೆಳಗ್ಗೆ ಅಥವಾ ಸಂಜೆ ಎಲೆಗಳಿಗೆ ಸಿಂಪಡಿಸಬೇಕು. ಇಲ್ಲವೇ ಕುಂಡದ ಮಣ್ಣಿಗೆ ಹಾಕಬೇಕು. ಹಸಿ ಪಾಚಿಯನ್ನು ಬಳಸುವುದಾದರೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಕಾಂಪೋಸ್ಟ್ ಮಾಡಿದ ಬಳಿಕವೇ ಹಾಕಬೇಕು. ಉಪ್ಪಿನಂಶ ಉಳಿದರೆ ಕುಂಡದ ಗಿಡಕ್ಕೆ ಹಾನಿಯಾಗುತ್ತದೆ.

ಇನ್ನು ಕಾನೂನಿನ ವಿಚಾರ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ರಸಗೊಬ್ಬರ (ನಿಯಂತ್ರಣ) ಆದೇಶ, 1985ಕ್ಕೆ ತಿದ್ದುಪಡಿ ತಂದು, ಕಡಲಪಾಚಿ ಸಾರವೂ ಸೇರಿದಂತೆ ಜೈವಿಕ ಉತ್ತೇಜಕಗಳನ್ನು ಅದರ ವ್ಯಾಪ್ತಿಗೆ ತಂದಿತು. ಈ ಆದೇಶವು ಅವಶ್ಯಕ ವಸ್ತುಗಳ ಅಧಿನಿಯಮ, 1955ರ ಅಡಿಯಲ್ಲಿ ಹೊರಡಿಸಲ್ಪಟ್ಟಿರುವುದರಿಂದ ಅದರ ಉಲ್ಲಂಘನೆಯು ಶಿಕ್ಷಾರ್ಹ ಅಪರಾಧ. ದಾಸ್ತಾನು ಖರೀದಿಸುವ ಮುನ್ನ ಆ ಉತ್ಪನ್ನವು ಆದೇಶದ ಆರನೆಯ ಅನುಸೂಚಿಯಲ್ಲಿ ಸೇರಿದೆಯೇ ಎಂಬುದನ್ನು ವ್ಯಾಪಾರಿಯು ಪರಿಶೀಲಿಸಬೇಕು.

ತೆರಿಗೆಯಲ್ಲಿಯೂ ಎಚ್ಚರ ಬೇಕು. ಸಸ್ಯಜನ್ಯ ಗೊಬ್ಬರಗಳು 3101ನೆಯ ಶೀರ್ಷಿಕೆಗೂ ಸಸ್ಯ ಬೆಳವಣಿಗೆ ನಿಯಂತ್ರಕಗಳು 3808ನೆಯ ಶೀರ್ಷಿಕೆಗೂ ಸೇರುತ್ತವೆ. ಲೇಬಲ್ಲಿನಲ್ಲಿ ಹಾರ್ಮೋನಿನ ಗುಣಗಾನ ಮಾಡಿ, ಬಿಲ್ಲಿನಲ್ಲಿ ಮಾತ್ರ ಗೊಬ್ಬರವೆಂದು ನಮೂದಿಸಿದರೆ ವರ್ಗೀಕರಣದ ವಿವಾದಕ್ಕೆ ತಾನಾಗಿಯೇ ಆಹ್ವಾನವಿತ್ತಂತಾಗುತ್ತದೆ. ಉತ್ಪನ್ನದ ಘಟಕಗಳು, ಲೇಬಲ್ಲು ಮತ್ತು ಬಿಲ್ಲು ಇವು ಮೂರೂ ಒಂದೇ ಮಾತನ್ನು ಹೇಳುವಂತಿರಬೇಕು. ಗ್ರಾಹಕನ ವಿಶ್ವಾಸಕ್ಕೂ ವ್ಯಾಪಾರಿಯ ನೆಮ್ಮದಿಗೂ ಅದೇ ಆಧಾರ.