ಹಕ್ಕಿಜ್ವರವೂ ಮನುಷ್ಯನ ನೆತ್ತರೂ

1892ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ ಸ್ಥಾಪಿತವಾದ ಮೈಸೂರು ಮೃಗಾಲಯವು, 2017ರ ಜನವರಿಯಲ್ಲಿ ಹೆಚ್ಚುಕಡಮೆ ಒಂದು ತಿಂಗಳು ಬಾಗಿಲು ಮುಚ್ಚಿತ್ತು. ಹೆಬ್ಬಾತು ಮೊದಲಾದ ನೀರುಹಕ್ಕಿಗಳು ಒಂದರ ಹಿಂದೊಂದು ಸತ್ತು, ಭೋಪಾಲದ ಪ್ರಯೋಗಾಲಯವು ಅವುಗಳಲ್ಲಿ ಹಕ್ಕಿಜ್ವರದ ಎಚ್5ಎನ್8 ವೈರಾಣುವನ್ನು ಗುರುತಿಸಿದುದೇ ಅದಕ್ಕೆ ಕಾರಣ. ಈ ಬಗೆಯ ವೈರಾಣು ಮನುಷ್ಯರಿಗೂ ತಗುಲಿತೆಂಬ ಮೊದಲ ವರದಿ ರಷ್ಯದಿಂದ ಬಂದದ್ದು 2021ರಲ್ಲಿ. ಸೋಂಕಿದ ಏಳು ಮಂದಿ ಕೋಳಿಫಾರಂ ಕೆಲಸಗಾರರಲ್ಲಿ ಯಾರೂ ಹಾಸಿಗೆ ಹಿಡಿಯಲಿಲ್ಲ. ಅದರ ದಾಯಾದಿಯಾದ ಎಚ್5ಎನ್1 ಮಾತ್ರ 1997ರಲ್ಲಿ ಹಾಂಗ್‌ಕಾಂಗಿನಲ್ಲಿ ಹದಿನೆಂಟು ಜನರಿಗೆ ತಗುಲಿ ಆರು ಮಂದಿಯನ್ನು ಬಲಿ ತೆಗೆದುಕೊಂಡಿತ್ತು.

ಒಬ್ಬನನ್ನು ಉಳಿಸಿ ಇನ್ನೊಬ್ಬನನ್ನು ಕೊಲ್ಲುವುದೇನೆಂಬ ಪ್ರಶ್ನೆಗೆ ಉತ್ತರವನ್ನು ವೈದ್ಯರು ನೆತ್ತರಿನಲ್ಲಿಯೇ ಅರಸತೊಡಗಿದರು. ವಿಯೆಟ್ನಾಮಿನ ಹದಿನೆಂಟು ಎಚ್5ಎನ್1 ರೋಗಿಗಳನ್ನು ಪರೀಕ್ಷಿಸಿ ಮೆನ್ನೊ ಡಿ ಯಾಂಗ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಡಿದವರ ದೇಹದಲ್ಲಿ ವೈರಾಣುವಿನ ಮೊತ್ತ ಅಧಿಕವಾಗಿತ್ತು, ಉರಿಯೂತವನ್ನು ಕೆರಳಿಸುವ ಸೈಟೊಕೈನುಗಳು ಉಕ್ಕೇರಿದ್ದವು, ಕಾಪಾಡಬೇಕಾದ ಟಿ-ಕಣಗಳು ಕುಗ್ಗಿಹೋಗಿದ್ದವು; ಕಳ್ಳನನ್ನು ಹಿಡಿಯಹೋದ ಕಾವಲುಗಾರನೇ ಮನೆಗೆ ಕಿಚ್ಚಿಟ್ಟಂತೆ. ಆದುದರಿಂದ ಮೊದಲ ದಿನಗಳಲ್ಲಿಯೇ ರೋಗವನ್ನು ಗುರುತಿಸಿ ವೈರಾಣುವನ್ನು ಅಡಗಿಸುವ ಔಷಧಿಯನ್ನು ಕೊಡಬೇಕೆಂಬುದು ಅವರ ಅಭಿಮತ.

ಒಂದೆರಡು ಮಿಲಿಲೀಟರ್ ರಕ್ತದ ಬಿಳಿಕಣಗಳಿಂದ ಆರ್‌ಎನ್‌ಎಯನ್ನು ಬೇರ್ಪಡಿಸಿ, ಸಹಸ್ರಾರು ವಂಶವಾಹಿಗಳಲ್ಲಿ ಯಾವುವು ಚುರುಕಾಗಿವೆ, ಯಾವುವು ಸುಮ್ಮನಿವೆ ಎಂದು ಒಂದೇ ಸಲಕ್ಕೆ ಎಣಿಸುವ ವಿಧಾನವು ಬಳಕೆಗೆ ಬಂದಮೇಲೆ, ಈ ಶೋಧ ಇನ್ನೂ ಸೂಕ್ಷ್ಮವಾಯಿತು. ಇದಲ್ಲದೆ, ಚೀನದಲ್ಲಿ ಹಕ್ಕಿಜ್ವರದ ಇನ್ನೊಂದು ಬಗೆಯಾದ ಎಚ್7ಎನ್9 ತಗುಲಿ ಆಸ್ಪತ್ರೆ ಸೇರಿದ್ದ ಹದಿನಾರು ಜನರ ಪ್ರತಿರೋಧಕಣಗಳನ್ನು ಪರಿಶೀಲಿಸಿದ 2015ರ ವರದಿಯು, ಬೇಗ ಚೇತರಿಸಿಕೊಂಡವರಲ್ಲಿ ಸಿಡಿ8 ಟಿ-ಕಣಗಳು ಬೇಗನೆ ಎದ್ದುನಿಂತುದನ್ನು ತೋರಿಸಿತು.

ಇಷ್ಟೆಲ್ಲ ತಿಳಿದ ಮೇಲೂ ನಮ್ಮ ಮರೆವು ಅಸಾಧಾರಣವಾದುದು. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟು, ಸುತ್ತಣ ಕೋಳಿಗಳನ್ನು ಕೊಲ್ಲಿಸುವ ಆಜ್ಞೆಯಾಗಿ, ಆ ಗದ್ದಲ ಅಡಗುವ ಮೊದಲೇ ಕೊರೊನಾದ ಲಾಕ್‌ಡೌನ್ ಬಂದು ಅದನ್ನು ಜನರ ನೆನಪಿನಿಂದಲೇ ಅಳಿಸಿಬಿಟ್ಟಿತು. ಅನಂತರ ಪತ್ರಿಕೆಗಳು ದಿನಬೆಳಗಾದರೆ ವರ್ಣಿಸಿದ ಸೈಟೊಕೈನ್ ಬಿರುಗಾಳಿಯನ್ನು ಹಕ್ಕಿಜ್ವರದ ರೋಗಿಗಳ ನೆತ್ತರು ಹದಿನಾಲ್ಕು ವರ್ಷ ಮೊದಲೇ ತೋರಿಸಿಕೊಟ್ಟಿತ್ತೆಂಬುದನ್ನು ನೆನೆದವರು ವಿರಳ. ಮುಂದೆಂದಾದರೂ ಈ ರೋಗ ನಮ್ಮೂರಿಗೆ ಮರಳಿದರೆ, ಸತ್ತ ಕೋಳಿಗಳ ಲೆಕ್ಕವೊಂದನ್ನೇ ಬರೆದಿಟ್ಟು ಸುಮ್ಮನಾಗದೆ, ಅವುಗಳನ್ನು ಮುಟ್ಟಿ ಜ್ವರ ಬಂದವರ ರಕ್ತವನ್ನು ಮೊದಲ ದಿನವೇ ತೆಗೆದು ಜೋಪಾನವಾಗಿ ಇರಿಸುವುದು ಅವಶ್ಯಕರ್ತವ್ಯ.