ಲೋಹಕ್ಕೂ ದಣಿವುಂಟು

ಮನೆಯ ಹುಡುಗನೊಬ್ಬನು ತಂತಿಯ ತುಂಡೊಂದನ್ನು ಅತ್ತಿತ್ತ ಬಗ್ಗಿಸುತ್ತ ಕುಳಿತಿರುವುದನ್ನು ನಮ್ಮ ವಾಚಕರು ಕಂಡಿರಬಹುದು. ಒಮ್ಮೆ ಬಗ್ಗಿಸಿದರೆ ಮುರಿಯದ ತಂತಿಯು ಹತ್ತಾರು ಸಲ ಬಗ್ಗಿಸಿದೊಡನೆ ತಟ್ಟನೆ ತುಂಡಾಗುವುದಷ್ಟೆ. "ಇದೇಕೆ ಹೀಗೆ?" ಎಂದು ಅವನು ಕೇಳಿದರೆ, "ಹಾಳುಮಾಡಿದೆಯಾ?" ಎಂದು ಗದರಿಸುವುದೇ ನಮ್ಮಲ್ಲಿ ವಾಡಿಕೆ. ಆದರೆ ಆ ಪ್ರಶ್ನೆಯು ಅಲ್ಪವಾದುದಲ್ಲ. ಘನವಸ್ತುಗಳು ಭಾರವನ್ನು ಹೇಗೆ ತಾಳುವುವೆಂದು ವಿಚಾರಿಸುವ ಘನವಸ್ತು ಬಲವಿಜ್ಞಾನವೂ, ಅವುಗಳ ಒಳರಚನೆಯನ್ನು ಶೋಧಿಸುವ ಪದಾರ್ಥವಿಜ್ಞಾನವೂ ಇದಕ್ಕೇ ಉತ್ತರವನ್ನು ಹುಡುಕುತ್ತಿರುವುವು.

ಗಾಜು ಲೆಕ್ಕಕ್ಕೆ ತಕ್ಕಷ್ಟು ಗಟ್ಟಿಯಾಗಿಲ್ಲದಿರುವುದಕ್ಕೆ ಅದರಲ್ಲಿರುವ ಕಣ್ಣಿಗೆ ಕಾಣದ ಬಿರುಕುಗಳೇ ಕಾರಣವೆಂದು ಇಂಗ್ಲೆಂಡಿನ ಗ್ರಿಫಿತ್ ಎಂಬ ವಿದ್ವಾಂಸರು ೧೯೨೧ರಲ್ಲಿ ಪ್ರಕಟಿಸಿದರು. ೧೯೫೪ರಲ್ಲಿ ಕಾಮೆಟ್ ಎಂಬ ಜಾತಿಯ ಎರಡು ಪ್ರಯಾಣಿಕ ವಿಮಾನಗಳು ಆಕಾಶದಲ್ಲಿಯೇ ಒಡೆದು ಸಮುದ್ರಕ್ಕೆ ಬಿದ್ದುವು. ಅಂತಹ ವಿಮಾನದ ಒಡಲೊಂದನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗಿನ ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿ ನೋಡಲಾಗಿ, ಲೋಹವು ದಣಿದು ಬಿರಿದುದು ಗೊತ್ತಾಯಿತು. ಹುಡುಗನ ತಂತಿಗೆ ಆದುದೇ ವಿಮಾನಕ್ಕೂ ಆಗಿದ್ದಿತು.

ಇಂತಹ ಶೋಧನೆಗಾಗಿ ನಮ್ಮ ಮಕ್ಕಳು ಪರದೇಶಕ್ಕೇ ಹೋಗಬೇಕೆಂಬುದಿಲ್ಲ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೪೨ರಲ್ಲಿ ವಿಮಾನಶಾಸ್ತ್ರದ ವಿಭಾಗವೂ, ೧೯೪೫ರಲ್ಲಿ ಲೋಹಶಾಸ್ತ್ರದ ವಿಭಾಗವೂ ಆರಂಭವಾದುವು. ಎರಡನೆಯದು ಇಂದು ಪದಾರ್ಥ ಎಂಜಿನಿಯರಿಂಗ್ ವಿಭಾಗವೆನಿಸಿದೆ. ೧೯೫೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವೂ ಅದೇ ನಗರದಲ್ಲಿದೆ. ೨೦೦೧ರಲ್ಲಿ ಮೊದಲು ಹಾರಿದ ತೇಜಸ್ ವಿಮಾನದ ರೆಕ್ಕೆಗಳಿಗೆ ಲೋಹಕ್ಕೆ ಬದಲಾಗಿ ಇಂಗಾಲದ ಎಳೆಗಳ ಹೊಸ ಪದಾರ್ಥವನ್ನು ಬಹುವಾಗಿ ಬಳಸಿದುದರಲ್ಲಿ ಆ ಪ್ರಯೋಗಾಲಯದ ಪಾಲು ದೊಡ್ಡದು. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ವಿದ್ಯಾಲಯದಲ್ಲಿಯೂ ಲೋಹ ಮತ್ತು ಪದಾರ್ಥಗಳ ವಿಭಾಗವುಂಟು.

ಯಂತ್ರ, ಕಟ್ಟಡ, ವಿಮಾನ, ಲೋಹ ಇವುಗಳಲ್ಲಿ ಯಾವುದಾದರೊಂದರ ಎಂಜಿನಿಯರಿಂಗ್ ಪದವಿಯಿಂದಲೂ, ಭೌತ ಅಥವಾ ರಸಾಯನಶಾಸ್ತ್ರದ ಎಂ.ಎಸ್‌ಸಿ.ಯಿಂದಲೂ ಈ ದಾರಿಗೆ ಸೇರಬಹುದು. ಹೆಚ್ಚಿನ ಕಡೆಗಳಲ್ಲಿ ಗೇಟ್ ಮೊದಲಾದ ಪರೀಕ್ಷೆಯೂ ಸಂದರ್ಶನವೂ ಇರುವುವು. ವೆಚ್ಚಕ್ಕೆ ಅಂಜುವ ಗೃಹಸ್ಥರು ಇದನ್ನು ಗಮನಿಸಬೇಕು: ಕೇಂದ್ರ ಸರ್ಕಾರವು ೨೦೨೩ರ ಜನವರಿಯಿಂದ ಜಾರಿಗೆ ತಂದ ದರದಂತೆ ಸಂಶೋಧನಾ ವೇತನವು ಮೊದಲ ಎರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿ, ಆಮೇಲೆ ೪೨,೦೦೦.

ಆದರೂ ಒಂದು ಮಾತನ್ನು ಮರೆಮಾಚಲಾರೆವು. ಡಾಕ್ಟರೇಟಿಗೆ ಐದಾರು ವರ್ಷಗಳು ಹಿಡಿಯುವುದುಂಟು. ಅಷ್ಟರಲ್ಲಿ ಜೊತೆಗಾರರು ಕಂಪನಿಗಳಲ್ಲಿ ಸಂಪಾದಿಸಿ ಮನೆ ಕಟ್ಟಿರಬಹುದು. ಅಧ್ಯಾಪಕನ ಹುದ್ದೆಯು ಎಲ್ಲರಿಗೂ ದೊರೆಯುವುದೆಂಬ ಭರವಸೆಯೂ ಇಲ್ಲ. ಆದುದರಿಂದ ಹೆಸರಿನ ಆಸೆಗಾಗಿ ಮಕ್ಕಳನ್ನು ಇದಕ್ಕೆ ನೂಕುವುದು ಯುಕ್ತವಲ್ಲ. ಆದರೆ ಮಗನಾಗಲಿ ಮಗಳಾಗಲಿ ತಾನಾಗಿಯೇ ಇದನ್ನು ಬಯಸಿದರೆ, "ಓದಿದ್ದು ಸಾಕು, ನೌಕರಿ ಹಿಡಿ" ಎನ್ನುವ ಮೊದಲು ಒಂದು ದಿನ ಅವರೊಡನೆ ಕುಳಿತು ವಿಚಾರಿಸಬೇಕೆಂದು ನಾವು ಹಿರಿಯರಲ್ಲಿ ಬಿನ್ನವಿಸುವೆವು.